ಸವೆಯದ ಸ್ಟೀಲು

ತನ್ನ ತಪ್ಪನ್ನು ಹೊರಿಸಲು ಮನುಷ್ಯನಿಗೆ ಏನಾದರೊಂದು ಬೇಕೇ ಬೇಕು. ಕೆಲವರು ಸರಕಾರದ ಮೇಲೆ ಹೊರಿಸುತ್ತಾರೆ, ಕೆಲವರು ಹೆಂಡತಿಯ ಮೇಲೆ. ನನಗೆ ಎರಡಕ್ಕೂ ಧೈರ್ಯ ಸಾಲದ್ದರಿಂದ ಗಿಟಾರಿನ ಮೇಲೆ ಹೊರಿಸುತ್ತಿದ್ದೆ. ಅದರ ಕುತ್ತಿಗೆಗೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿಗಳಿರುತ್ತವಲ್ಲ, ಫ್ರೆಟ್ಟುಗಳು, ಅವು ತಂತಿಯ ತಿಕ್ಕಾಟಕ್ಕೆ ಸವೆದು ಹಳ್ಳ ಬಿದ್ದಿದ್ದವು. ಏನು ನುಡಿಸಿದರೂ ಜೊಂಯ್ ಎನ್ನುವ ಸದ್ದು. ‘ಫ್ರೆಟ್ ಸವದಾವ್ರಿ’ ಎಂದು ನಾನು ನಿಟ್ಟುಸಿರು ಬಿಟ್ಟರೆ ಕೇಳಿದವರು ಪಾಪ ಎನ್ನುತ್ತಿದ್ದರು.

ಹೀಗೆ ಸುಖವಾಗಿದ್ದಾಗ ಹೆಂಡತಿಯ ತವರೂರು ಮರಳಿಯಲ್ಲಿ ನಾದಿನಿಯ ಕುಬಸ, ಅಂದರೆ ಸೀಮಂತ, ನಿಶ್ಚಯವಾಯಿತು. ಚೊಚ್ಚಲ ಬಸುರಿಯ ಆಸೆ ಏನೆಂದರೆ ಭಾವ ಗಿಟಾರ್ ಬಾರಿಸಬೇಕು. ನಾನು ಎಂದಿನ ನೆವ ತೆಗೆದೆ. ಹೆಂಡತಿ ಬಿಡಲಿಲ್ಲ. “ಹೋದಲ್ಲೆಲ್ಲಾ ಇದನ್ನಽ ಹೇಳ್ತೀರಿ. ನನ್ನ ತವರಮನ್ಯಾಗ ಮಾನ ಕಳೀಬ್ಯಾಡ್ರಿ, ರಿಪೇರಿ ಮಾಡಸ್ರಿ!” ಗಿಟಾರು ಹುಬ್ಬಳ್ಳಿಗೆ ಹೋಗಿ ಸ್ಟೇನ್‌ಲೆಸ್ ಸ್ಟೀಲಿನ ಫ್ರೆಟ್ಟು ಹಾಕಿಸಿಕೊಂಡು ಬಂತು. ಬೆರಳಿಟ್ಟರೆ ಜಾರುವಷ್ಟು ನುಣುಪು. ನನಗೆ ನಿಜಕ್ಕೂ ಖುಷಿಯಾಯಿತು.

ಹೆಂಡತಿ ತಾಯಿಗೆ ಫೋನ್ ಮಾಡಿ, “ಗಿಟಾರಿಗೆ ಸ್ಟೀಲ್ ಹಾಕಿಸ್ಯಾರವ್ವ” ಎಂದಳು. ಅತ್ತೆಯವರು ಅದನ್ನು ಇಡೀ ಓಣಿಗೆ ಹಂಚಿದರು. ಕುಬಸದ ದಿನ ಉಡಿ ತುಂಬಲು ಬಂದವರೆಲ್ಲ ಬಸುರಿಯನ್ನು ಬಿಟ್ಟು ಸ್ಟೀಲಿನ ಗಿಟಾರು ಹುಡುಕಿದರು. “ಇದು ಕಟಗೀದಽ ಐತಲ್ರಿ!” ಎಂದು ನಿರಾಶರಾದರು. ಹೆಂಡತಿಯ ಸೋದರಮಾವ ಫ್ರೆಟ್ಟುಗಳ ಮೇಲೆ ಬೆರಳಾಡಿಸಿ, “ಸ್ಟೀಲ್ ಅಂದಮ್ಯಾಲೆ ಹೆಸರು ಹೊಡಸಬೇಕಲ್ರಿ ಅಳಿಯಂದ್ರ! ಇಷ್ಟು ಮಂದ್ಯಾಗ ಅದ್ಲಿಬದ್ಲಿ ಆದ್ರ?” ಎಂದರು. ಅವರ ಕಾಳಜಿ ಸುಳ್ಳಲ್ಲ. ನಮ್ಮ ಕಡೆ ಹೆಸರಿಲ್ಲದ ಸ್ಟೀಲ್ ತಂಬಿಗೆ ಇಂಥ ಕಾರ್ಯದ ಮನೆಯಿಂದ ವಾಪಸು ಬಂದದ್ದು ಕಡಿಮೆ.

ನುಡಿಸಿದೆ. ಜೊಂಯ್ ಎನ್ನುವ ಸದ್ದು ಮಾಯವಾಗಿತ್ತು. ಸರಿಯಾದ ಸ್ವರಗಳು ಚೆನ್ನಾಗಿ ಕೇಳಿದವು. ತಪ್ಪಿದವು ಇನ್ನೂ ಚೆನ್ನಾಗಿ ಕೇಳಿದವು. ಮುಗಿದ ಮೇಲೆ ಅತ್ತೆಯ ತಂಗಿ ಮನಸಾರೆ ಹೊಗಳಿದರು: “ಭಾಳ ಛಲೋ ಆತ್ರಿ. ಮೊದಲೆಲ್ಲಾ ತಪ್ಪಿದ್ದು ನಿಮ್ಮದೋ ಗಿಟಾರಿಂದೋ ತಿಳೀತಿದ್ದಿಲ್ಲ. ಈಗ ಸ್ವಚ್ಛ ತಿಳೀತೈತಿ.” ನಾನು ತಲೆ ತಗ್ಗಿಸಿ ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ಊರಿಗೆ ವಾಪಸು ಹೊರಟಾಗ ಗಂಗಾವತಿಯ ಬಸ್ಸಿನಲ್ಲಿ ಹೆಂಡತಿ ಮೆಲ್ಲಗೆ ಕೇಳಿದಳು, “ಈ ಸ್ಟೀಲು ಯಾವಾಗ ಸವೀತೈತ್ರಿ?”

“ಸವಿಯೂದಽ ಇಲ್ಲ” ಎಂದೆ, ತುಸು ಹೆಮ್ಮೆಯಿಂದಲೇ.

“ಹಂಗಾರ ಇನ್ನ ನೀವಽ ಕಲೀಬೇಕಾತು.”

ಕಲಿಯುತ್ತಿದ್ದೇನೆ. ಸ್ಟೀಲು ಹಾಗೇ ಇದೆ, ನನ್ನ ಬೆರಳುಗಳು ಸವೆಯುತ್ತಿವೆ.