ಹಿತ್ತಲಿನ ವಿಮಾನ ನಿಲ್ದಾಣ

ನಾನು ನಿಂತಿದ್ದು ಸೋದರಮಾವನ ಹಿತ್ತಲಿನಲ್ಲಿ, ನುಗ್ಗೆಮರದ ಕೆಳಗೆ, ಬೆಳಗಿನ ಕಾಫಿ ಮುಗಿದ ಮೇಲೆ. ಹಳದಿ ಗೆರೆಯ ಮೇಲಲ್ಲ, ಎಡಕ್ಕೆ. ಗೆರೆಯ ಮೇಲೆ ನಿಲ್ಲಲು ಮಾವನ ಅನುಮತಿ ಬೇಕು! ಮಳವಳ್ಳಿ ಹತ್ತಿರದ ಈ ಊರಿಗೆ ವಿಮಾನ ಬಂದಿಲ್ಲ. ವಿಮಾನ ನಿಲ್ದಾಣ ಮಾತ್ರ ಬಂದುಬಿಟ್ಟಿದೆ.

ಮಾವ ಅದನ್ನು ತಂದದ್ದು ನಿವೃತ್ತಿಯಾದಾಗ. ಎರಡು ಕೈಯಲ್ಲಿ ಕಿತ್ತಳೆ ಬಣ್ಣದ ಹಲಗೆ ಹಿಡಿದು, ಇಳಿದ ವಿಮಾನಗಳಿಗೆ ನಿಲ್ಲುವ ಜಾಗ ತೋರಿಸುವುದು ಅವರ ಕೆಲಸವಾಗಿತ್ತು. ಊರಿಗೆ ಬಂದವರೇ ಅಡುಗೆಮನೆ ಬಾಗಿಲಿನಿಂದ ಕೊಟ್ಟಿಗೆಯವರೆಗೆ ಸಿಮೆಂಟಿನ ಉಬ್ಬುಗೆರೆ ಎಳೆದು ಹಳದಿ ಬಳಿದರು. ನಡುವೆ ಟ್ರ್ಯಾಕ್ಟರ್ ದಾರಿ ಅಡ್ಡ ಬರುತ್ತದೆ. ಅದಕ್ಕೆ ಮುಂಚೆ ಹಾಗೇ ಉಬ್ಬಿದ ಎರಡು ಅಡ್ಡಪಟ್ಟಿ. ಅಲ್ಲಿ ನಿಂತು "ಪರ್ಮಿಷನ್ನು?" ಎನ್ನಬೇಕು. ಕೊಟ್ಟಿಗೆಗೆ ಹೋಗಲು!

"ಏನ್ ಗೌಡ್ರೇ, ಲಂಡನ್ ವಿಮಾನ ಎಷ್ಟೊತ್ಗೆ?" ಎಂದು ಕಬ್ಬಿನ ಟ್ರ್ಯಾಕ್ಟರಿನ ಡ್ರೈವರ್ ಕೆಣಕುತ್ತಿದ್ದ.

"ನಿನ್ ಟ್ರ್ಯಾಕ್ಟ್ರು ನೆಟ್ಗೆ ನಿಲ್ಸೋದ್ ಕಲಿ ಕಣ್ಲಾ, ಆಮೇಲ್ ಲಂಡನ್ನು!"

ಹಬ್ಬಕ್ಕೆ ಮದ್ದೂರಿನಿಂದ ಬಂದ ತಮ್ಮ ಭಾವನನ್ನೂ ಮಾವ ಬಿಡಲಿಲ್ಲ. ಎಲ್ಲರೂ ಸಾಲಾಗಿ ಬಗ್ಗಿ ನಡೆಯುತ್ತ ಕಲ್ಲು, ಮೊಳೆ ಆರಿಸಬೇಕು. ವಿಮಾನ ಓಡುವ ದಾರಿಯಲ್ಲಿ ದಿನಾ ಹಾಗೇ ಮಾಡುತ್ತಾರಂತೆ.

"ಅಬ್ಬಕ್ ಕರದ್ರಾ, ಕೂಲಿಗ್ ಕರದ್ರಾ?"

"ಒಂದ್ ಮೊಳೆ ಸಾಕು ಭಾವ, ಎಂಜಿನ್ನೇ ಓಯ್ತದೆ."

"ಎಂಜಿನ್ ಎಲ್ಲದೆ ತೋರ್ಸಿ!"

ಮಾವ ಗೆರೆಯ ಕಡೆ ನೋಡಿದರು. ಅತ್ತೆ ಬರಿಗಾಲಲ್ಲಿ ಹಾಲಿನ ಚೊಂಬು ಹಿಡಿದು ಬರುತ್ತಿದ್ದರು.

ಅತ್ತೆಯ ಕಣ್ಣು ಮಂಜಾಗುತ್ತ ಬಂದಿತ್ತು. ಇನ್ನು ತಿಳಿಯಾಗದು ಎಂದು ಮಂಡ್ಯದ ಡಾಕ್ಟರು ಹೇಳಿದ್ದರು. ಆದರೂ ಯಾರಾದರೂ ಕೈ ಹಿಡಿದರೆ ಕೊಡವಿಬಿಡುತ್ತಿದ್ದರು. "ನನ್ ಮನೇಲಿ ನನ್ನೇ ನಡೆಸ್ಬ್ಯಾಡಿ!" ಹಸು ಕರೆಯುವುದನ್ನಂತೂ ಯಾರಿಗೂ ಬಿಟ್ಟುಕೊಡಲಿಲ್ಲ. ಅಂಥವರು ಅಡ್ಡಪಟ್ಟಿ ಕಾಲಿಗೆ ತಾಗಿದೊಡನೆ ತಪ್ಪದೆ ನಿಲ್ಲುತ್ತಿದ್ದರು. ಯಾಕೆ ಎಂದು ಕೇಳಿದ್ದೆ.

"ನಿಂತ್ರೆ ನಿಮ್ ಮಾವುಂಗೊಂದ್ ಸಂತೋಸ ಕಣಪ್ಪ. ಪಾಪ, ವಿಮಾನ ಇಲ್ವಲ್ಲ."

ನಾನು ನುಗ್ಗೆಮರದ ಕೆಳಗೆ ನಿಂತಿದ್ದ ಆ ಬೆಳಿಗ್ಗೆ ಕರು ಕೂಗುತ್ತಿತ್ತು. ಅತ್ತೆ ಬೇಗ ಬೇಗ ಗೆರೆಯ ಮೇಲೆ ಹೊರಟರು. ಅದೇ ಹೊತ್ತಿಗೆ ಟ್ರ್ಯಾಕ್ಟರು ಕಬ್ಬಿನ ಟ್ರೈಲರನ್ನು ಹಿಂದಕ್ಕೆ ತಳ್ಳುತ್ತ ಬಂತು. ದಾರಿಯಾಚೆ ಮಾವ ಎರಡೂ ಹಲಗೆಗಳನ್ನು ತಲೆಯ ಮೇಲೆ ಅಡ್ಡ ಹಿಡಿದು ಕೂಗಿದರು. ನಿಲ್ಲು ಎಂದು ಅದರರ್ಥ. ಡ್ರೈವರ್ ಇನ್ನೊಂದು ಕಡೆಗೆ ನೋಡುತ್ತಿದ್ದ. ಅತ್ತೆಗೆ ಹಲಗೆ ಕಾಣದು. ಎಂಜಿನ್ನಿನ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ.

ಅತ್ತೆಯ ಪಾದ ಪಟ್ಟಿಗೆ ತಾಗಿತು. ಅವರು ನಿಂತರು.

ಟ್ರೈಲರಿನ ಚಕ್ರ ಅವರ ಸೆರಗಿನ ಗಾಳಿ ಸೋಕುವಷ್ಟು ಹತ್ತಿರ ಉರುಳಿಹೋಯಿತು. ಆಮೇಲಷ್ಟೇ ಡ್ರೈವರ್ ತಿರುಗಿ ನೋಡಿ ಬ್ರೇಕ್ ಒತ್ತಿದ. ಎಂಜಿನ್ ನಿಂತಿತು.

"ಪರ್ಮಿಷನ್ನು?" ಎಂದರು ಅತ್ತೆ. "ಏನ್ರೀ, ಇವತ್ತು ಕೊಡಾಕಿಲ್ವಾ? ಕರ ಕೂಗ್ತದೆ."

ಮಾವನ ಕೈಯಿಂದ ಹಲಗೆಗಳು ಬಿದ್ದಿದ್ದವು. ದಾಟಿ ಬಂದು ಅತ್ತೆಯ ಕೈ ಹಿಡಿದರು. ಅತ್ತೆ ಕೊಡವಲಿಲ್ಲ. ಮಾವ ಹಿಡಿದ ಕೈ ಬಿಡದೆ ಅಲ್ಲೇ ನಿಂತುಬಿಟ್ಟರು. ಕೊನೆಗೆ ಮಾವನನ್ನು ದಾರಿ ದಾಟಿಸಿದ್ದು ಅತ್ತೆಯೇ.

ಅಂದು ಕಂಡವರಲ್ಲಿ ಮಾವ ಈಗಿಲ್ಲ. ಡ್ರೈವರ್ ಇದ್ದಾನೆ, ಹಿತ್ತಲಿಗೆ ಬಂದರೆ ಟ್ರ್ಯಾಕ್ಟರಿನಿಂದ ಇಳಿದು ಸುತ್ತ ನೋಡದೆ ಹಿಂದಕ್ಕೆ ತೆಗೆಯುವುದಿಲ್ಲ. ನಾನಿದ್ದೇನೆ. ಏನೂ ಕಾಣದಿದ್ದ ಅತ್ತೆಯೂ ಇದ್ದಾರೆ. ದಿನಾ ಬೆಳಿಗ್ಗೆ ಪಟ್ಟಿಯ ಮೇಲೆ ನಿಂತು ಕೇಳುತ್ತಾರೆ. ದಾರಿಯಾಚೆ, ಮಾವ ನಿಲ್ಲುತ್ತಿದ್ದ ಜಾಗದಿಂದ, ನಾನು ಹೇಳುತ್ತೇನೆ, "ಬನ್ನಿ ಅತ್ತೆ."