ನನ್ನ ಪ್ರೊಸೆಸರೂ ಲೈನ್‌ಮ್ಯಾನ್ ಬಸವರಾಜರೂ

ನಮ್ಮ ಕಡೆ ತಪ್ಪು ಮಾಡಿದವನಿಗೆ ಒಂದು ದೊಡ್ಡ ಅನುಕೂಲ ಉಂಟು: ಕರೆಂಟು. ದೋಸೆಹಿಟ್ಟು ನುಣ್ಣಗಾಗದಿದ್ದರೆ ವೋಲ್ಟೇಜ್ ಇಲ್ಲ, ಮಗ ಓದದಿದ್ದರೆ ವೋಲ್ಟೇಜ್ ಇಲ್ಲ. ಕರೆಂಟು ಎದುರು ಮಾತಾಡುವುದಿಲ್ಲ. ಆದರೆ ಅದರ ಹಿಂದೆ ಒಬ್ಬ ಮನುಷ್ಯ ಇರುತ್ತಾನೆ ಎಂಬುದನ್ನು ನಾನು ಮರೆತೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಐವರ್ನಾಡಿನ ನಮ್ಮ ಮನೆಯ ಕಂಪ್ಯೂಟರ್ ಉಪ್ಪನ, ಅಂದರೆ ಅಪ್ಪನ, ಅಂಗಡಿಯ ಬಿಲ್ಲು, ತಂಗಿ ಸಫಿಯಾಳ ಕಾಲೇಜಿನ ಪ್ರಾಜೆಕ್ಟು, ಇವೆರಡನ್ನು ಹೊತ್ತು ಸುಖವಾಗಿತ್ತು. ಪ್ರೊಸೆಸರನ್ನು ಕಂಪೆನಿ ಇಟ್ಟ ವೇಗಕ್ಕಿಂತ ಹೆಚ್ಚು ಓಡಿಸಬಹುದು, ಅದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ ಎಂದು ಒಂದು ವಿಡಿಯೋದಲ್ಲಿ ನೋಡಿದೆ. ಬಿಲ್ಲು ಬೇಗ ಬಂದರೆ ಗಿರಾಕಿಯೂ ಬೇಗ ಬರುತ್ತಾನೆಯೇ ಎಂದು ಕೇಳಬೇಡಿ. ನಾಲ್ಕು ಗಿಗಾಹರ್ಟ್ಸಿನದನ್ನು ನಾಲ್ಕೂವರೆಗೆ ಏರಿಸಿದೆ, ಸುಮ್ಮನಿತ್ತು. ನಾಲ್ಕು ಪಾಯಿಂಟ್ ಒಂಬತ್ತಕ್ಕೆ ಏರಿಸಿ, ಪರದೆಯ ಫೋಟೊ ತೆಗೆದು ಗೆಳೆಯರಿಗೆಲ್ಲ ಕಳಿಸಿದೆ. ಇಷ್ಟು ವೇಗ ತಡೆಯುತ್ತದೋ ಎಂದು ನೋಡಲು ಒಂದು ಪರೀಕ್ಷೆ ಉಂಟು, ಗಂಟೆಗಟ್ಟಲೆ ಓಡಿಸಬೇಕು. ನಾನು ನಾಲ್ಕು ನಿಮಿಷಕ್ಕೆ ನಿಲ್ಲಿಸಿ ಪಾಸ್ ಎಂದು ಘೋಷಿಸಿದೆ. ನನ್ನ ಪರೀಕ್ಷೆಗಳಲ್ಲೂ ಯಾರಾದರೂ ಹೀಗೆ ಮಾಡಿದ್ದರೆ ನಾನಿಂದು ಡಾಕ್ಟರ್.

ಮರುದಿನದಿಂದ ಸಫಿಯಾ ಪ್ರಾಜೆಕ್ಟ್ ತೆರೆದು ಅರ್ಧ ಗಂಟೆಗೆ ಪರದೆ ಕಪ್ಪು. ಇದಕ್ಕೆ ಎಂತ ಮಾಡಿದ್ದೀ ಎಂದು ಕೇಳಿದಳು. ವೋಲ್ಟೇಜ್ ಇಲ್ಲ ಎಂದೆ. ಮೇಲೆ ಫ್ಯಾನ್ ತಿರುಗುತ್ತಿತ್ತು. ಫ್ಯಾನಿಗೆ ಸ್ವಲ್ಪ ಸಾಕು ಎಂದೆ. ವೇಗ ಇಳಿಸಿದ್ದರೆ ಮುಗಿಯುತ್ತಿತ್ತು, ಆದರೆ ಫೋಟೊ ಹೋಗಿಯಾಗಿತ್ತಲ್ಲ. ಗುಟ್ಟಾಗಿ ಪ್ರೊಸೆಸರಿಗೆ ಇನ್ನಷ್ಟು ವಿದ್ಯುತ್ತು ಕೊಟ್ಟೆ. ಅದು ಇನ್ನಷ್ಟು ಬಿಸಿಯಾಗಿ ಐದೇ ನಿಮಿಷಕ್ಕೆ ಮಲಗತೊಡಗಿತು.

ನನ್ನ ವೋಲ್ಟೇಜಿನ ಮಾತು ನಂಬಿ ಉಪ್ಪ ಲೈನ್‌ಮ್ಯಾನ್ ಮೇಲೆ ದೂರಿನ ಅರ್ಜಿ ಬರೆ ಎಂದರು. ಬರೆದೆ. 'ಕರ್ತವ್ಯಲೋಪ' ಎಂಬ ಪದ ಬರೆಯುವಾಗ ನನಗೇ ನಿಜವಾದ ಸಿಟ್ಟು ಬಂತು. ನೆರೆಯ ಮೂರು ಮನೆಯವರ ಸಹಿ ಬೇಕಿತ್ತು. ಲೈನ್‌ಮ್ಯಾನ್ ಬಸವರಾಜರು ಬಾಗಲಕೋಟೆ ಕಡೆಯವರು. ಅವರ ಹಾಗೆ ಮಾತಾಡಿ ತೋರಿಸುವುದು ನನ್ನ ಹಳೆಯ ಐಟಂ. ಮೂರು ಜಗಲಿಯಲ್ಲೂ ಮಾಡಿ ತೋರಿಸಿದೆ. ನಗುತ್ತ ನಗುತ್ತ ಸಹಿ ಹಾಕಿದರು.

ಬಸವರಾಜರು ಬಂದರು. ಕಂಬ ಹತ್ತಿ, ಕೆಂಪಿರುವೆಯಿಂದ ಕಚ್ಚಿಸಿಕೊಂಡು, ಬಿಗಿ ಮಾಡಬಹುದಾದದ್ದನ್ನೆಲ್ಲ ಬಿಗಿ ಮಾಡಿ ಇಳಿದರು. ಕಂಪ್ಯೂಟರಿನ ಪಕ್ಕದ ಪ್ಲಗ್ಗಿಗೆ ಮೀಟರ್ ಹಿಡಿದು, ಸಫಿಯಾಳಿಗೆ ಕೆಲಸ ಶುರುಮಾಡಲು ಹೇಳಿದರು. ಮೀಟರಿನಲ್ಲಿ ಇನ್ನೂರ ಮೂವತ್ತೊಂದು ವೋಲ್ಟ್, ಬೇಕಾದಷ್ಟೇ. ಪರದೆ ಕಪ್ಪಾಯಿತು. ಮೀಟರಿನಲ್ಲಿ ಆಗಲೂ ಇನ್ನೂರ ಮೂವತ್ತೊಂದು.

"ಕರೆಂಟ್ ಚಲೋ ಐತ್ರಿ," ಎಂದು ಉಪ್ಪನಿಗೆ ಮೆಲ್ಲಗೆ ಹೇಳಿದರು. "ನನಗ ಊರಿಗೆ ವರ್ಗಾ ಆಗೂದೈತಿ. ಹೇಣ್ತಿಗೆ ದಿನಾ ತುಂಬ್ಯಾವ. ಈ ಅರ್ಜಿ ಇದ್ರ ತಡೀತಾರ್ರಿ."

ಉಪ್ಪ ನನ್ನನ್ನು ನೋಡಿದರು. ಬಾಯಿ ತೆರೆದೆ. ಗಾಬರಿಯಲ್ಲಿ ನಾಲಗೆ ಅಭ್ಯಾಸದ ದಾರಿ ಹಿಡಿಯಿತು: "ತಪ್ಪ್ ನಂದೈತ್ರಿ. ಕರೆಂಟಿಂದಲ್ರಿ."

ಸಫಿಯಾ ಮುಖ ಮುಚ್ಚಿಕೊಂಡಳು. ಬಸವರಾಜರ ಮುಖ ಮಾತ್ರ ಅರಳಿತು. "ನಮ್ಮ ಕಡೆ ಯಾವೂರ್ರಿ ನಿಮ್ದು?"

ಯಾವ ಬೈಗುಳವೂ ನನ್ನನ್ನು ಅಷ್ಟು ಸಣ್ಣವನನ್ನಾಗಿ ಮಾಡಿರಲಿಲ್ಲ.

ವೇಗವನ್ನು ಆಗಲೇ ನಾಲ್ಕಕ್ಕೆ ಇಳಿಸಿದೆ. ಅರ್ಜಿ ಹಿಂತೆಗೆಯಲು ಅದೇ ಮೂರು ಸಹಿ ಬೇಕೆಂದರು ಕರೆಂಟು ಆಫೀಸಿನವರು. ಬಸವರಾಜರು ಈಗ ತಮ್ಮ ಊರಲ್ಲಿದ್ದಾರೆ, ಹಾಗಾಗಿ ಸಹಿ ಸಿಕ್ಕಿತೆಂದು ನೀವು ತಿಳಿಯಬಹುದು. ಸಿಕ್ಕಿದ ಬಗೆಯನ್ನೂ ಹೇಳಿಬಿಡಬೇಕು. ಮೊದಲ ಮನೆಯಲ್ಲಿ ನನ್ನ ತಪ್ಪು ಹೇಳುತ್ತ ತೊದಲಿದೆ. ಎರಡನೆಯದರಲ್ಲಿ ಕತೆ ಸ್ವಲ್ಪ ಕುದುರಿತು. ಮೂರನೆಯ ಮನೆಗೆ ಬರುವಾಗ ಉಪ್ಪನ ನೋಟ, ನನ್ನ ತೊದಲು, ಪರದೆ ಕಪ್ಪಾದ ಬಗೆ ಎಲ್ಲ ಸೇರಿ ಚಂದದ ಐಟಂ ಆಗಿತ್ತು. ಆ ಮನೆಯ ಬೀಫಾತಿಮ್ಮ ಪೂರ್ತಿ ಕೇಳಿದರು, ನಗಲಿಲ್ಲ. ಸಹಿ ಹಾಕಿ, ಕಾಗದವನ್ನು ಕೈಯಲ್ಲೇ ಹಿಡಿದುಕೊಂಡು, ಮಗನೆಂದೇ ಕರೆದು ಕೇಳಿದರು.

"ಆವತ್ತು ನೀನು ನಗಿಸಿ ಸಹಿ ತೆಕ್ಕೊಂಡೆ ಮೋನೆ. ಇವತ್ತೂ ನಗಿಸಿಯೇ ತೆಕ್ಕೊಳ್ಳುದಾ?"

ಅಲ್ಲ ಎಂದೆ. ಬೇರೆ ಹೇಗೆ ಕೇಳುವುದೆಂದು ತಿಳಿಯದೆ, ಕೈ ಚಾಚಿಕೊಂಡು ಅವರ ಜಗಲಿಯಲ್ಲಿ ನಿಂತೇ ಇದ್ದೆ.