ಅಣ್ಣನನ್ನು ಮಾತಾಡಿಸಿ ಬಂದದ್ದು

ಎಲ್ಲ ರಾದ್ಧಾಂತಕ್ಕೂ ಮೂಲ ಒಂದೇ ಒಂದು ಶಬ್ದ. ಅದೂ ಬಾಳೇಶನ ಬಾಯಿಂದಲೇ ಬಿದ್ದದ್ದು.

ಮೂಡಲಗಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿರುವ ಬಾಳೇಶನಿಗೂ ಹುಕ್ಕೇರಿಯಲ್ಲಿರುವ ಅವನ ಅಣ್ಣ ಬೀರಸಿದ್ದಪ್ಪನಿಗೂ ನಾಲ್ಕು ವರ್ಷದಿಂದ ಮಾತಿಲ್ಲ. ಅಣ್ಣ ತನ್ನ ಮಗಳ ಮದುವೆಯಲ್ಲಿ ಬೀಗರಿಗೆಲ್ಲ ತಲೆಗೆ ಪಟಕಾ ಸುತ್ತಿ, ಒಡಹುಟ್ಟಿದ ತಮ್ಮನ ಹೆಗಲಿಗೆ ಬರೀ ಟಾವೆಲ್ಲು ಹಾಕಿದ್ದ. ಪಟಕಾ ಕಡಿಮೆ ಬಿದ್ದಿದ್ದವು. ತಮ್ಮ ಮನೆಯವನೇ ಅಲ್ಲವೇ, ನಡೆಯುತ್ತದೆ ಎಂದುಕೊಂಡಿದ್ದ. ತಮ್ಮನಿಗೆ ನಡೆಯಲಿಲ್ಲ. ಉಣ್ಣದೆ ಎದ್ದುಬಂದವನು ಅಣ್ಣನ ನಂಬರನ್ನೂ ಫೋನಿನಿಂದ ಅಳಿಸಿಹಾಕಿದ. ಅಣ್ಣನೂ ಅದೇ ಹೊಟ್ಟೆಯಲ್ಲಿ ಹುಟ್ಟಿದವನು, ತಾನಾಗಿ ಫೋನು ಮಾಡಲಿಲ್ಲ.

ಹೋದ ವಾರ ಪಕ್ಕದ ಓಣಿಯ ಯಲ್ಲಾರಿಯ ಅಣ್ಣ ತೀರಿಕೊಂಡ. ಅವರಿಬ್ಬರಿಗೂ ಮಾತಿರಲಿಲ್ಲ. ಯಲ್ಲಾರಿ ಹೆಣದ ಕಿವಿಗೆ ಬಾಯಿಟ್ಟು "ಒಂದ ಸಲ ಬೈಯೋ ಅಣ್ಣಾ" ಎಂದು ಅತ್ತದ್ದನ್ನು ಬಾಳೇಶ ಕಣ್ಣಾರೆ ಕಂಡ. ಸಾವಿನ ಮನೆಯಿಂದ ಹೊರಡುವಾಗ "ಬರ್ತೇನಿ" ಅನ್ನಬಾರದೆಂದು ಸುಮ್ಮನೆ ಎದ್ದು ಬಂದನಾದರೂ ಆ ಅಳು ಅವನ ಬೆನ್ನು ಬಿಡಲಿಲ್ಲ. ಚಿಕ್ಕವನಿದ್ದಾಗ ಹುಕ್ಕೇರಿಯ ಹಳೆಯ ಗುಮ್ಮಟಗಳನ್ನು ತೋರಿಸಲು ಅಣ್ಣ ತನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದ್ದು ನೆನಪಾಯಿತು. ಹೋಗಿ ಕಾಲು ಹಿಡಿದುಬಿಡಬೇಕು, ಇಬ್ಬರೂ ಜೀವಂತ ಇರುವಾಗಲೇ ಎಂದು ನಿಶ್ಚಯಿಸಿದ.

ಹೆಂಡತಿ ತವರಿಗೆ ಹೋಗಿದ್ದಳು. ಬೆಳಿಗ್ಗೆ ಮನೆಗೆ ಬೀಗ ಹಾಕಿ, ಬಾಜೂ ಮನೆಯ ರಮಜಾನಸಾಬನ ಕ್ರೂಸರ್ ಗಾಡಿಯ ಮುಂದೆ ನಿಂತ. ಕಣ್ಣು ಕೆಂಪಾಗಿದ್ದವು.

"ಹುಕ್ಕೇರಿಗೆ ಹೋಗೂದೈತ್ರಿ. ಅಣ್ಣನ ಮನಿಗೆ, ಮಾತಾಡಸಾಕ."

ಮಾತಾಡಿಸುವುದು ಎಂದರೆ ಮಾತಾಡಿಸುವುದೇ ಸರಿ. ಆದರೆ ಈ ಸೀಮೆಯಲ್ಲಿ ಒಬ್ಬರ ಮನೆಗೆ 'ಮಾತಾಡಸಾಕ' ಹೊರಟಿದ್ದೇನೆ ಅಂದರೆ, ಆ ಮನೆಯಲ್ಲಿ ಯಾರೋ ಸತ್ತಿದ್ದಾರೆ, ಉಳಿದವರಿಗೆ ಸಮಾಧಾನ ಹೇಳಲು ಹೊರಟಿದ್ದೇನೆ ಎಂದು ಅರ್ಥ. ಅದು ಬಾಳೇಶನಿಗೂ ಗೊತ್ತು. ಆದರೆ ಅವತ್ತು ಅವನ ತಲೆಯಲ್ಲಿ ಬೇರೆಯದೇ ತುಂಬಿತ್ತು.

ರಮಜಾನಸಾಬ ಚಹಾದ ಗ್ಲಾಸು ಕೆಳಗಿಟ್ಟು, "ಹೆಂಗಾತ್ರಿ?" ಎಂದ.

"ಏನ ಹೇಳ್ಲಿ, ನಮ್ಮ ಹಣೇಬಾರ."

ಅಷ್ಟು ಸಾಕಾಯಿತು. ಗಾಡಿ ತಿರುಗಿಸುವುದರೊಳಗೆ ಎದುರು ಮನೆಯ ಸುಂದ್ರವ್ವ ಸೆರಗು ಹೊದ್ದು ಬಂದು ಹತ್ತಿದಳು. ಸುತ್ತಮುತ್ತಲಿನ ಯಾವ ಸಾವನ್ನೂ ತಪ್ಪಿಸಿದ ಹೆಂಗಸಲ್ಲ ಅವಳು. ಹಿಂದೆಯೇ ಇನ್ನಿಬ್ಬರು ಹತ್ತಿದರು. ಬಾಳೇಶನ ಮನಸ್ಸು ತುಂಬಿಬಂತು. ಅಣ್ಣ ತಮ್ಮಂದಿರನ್ನು ಒಂದು ಮಾಡಲು ಓಣಿಯೇ ಎದ್ದು ಬಂದಿದೆ, ಹಿರಿಯರ ಎದುರಿಗೆ ಅಣ್ಣ ಹೆಚ್ಚು ಬೈಯಲಾರ ಎಂದುಕೊಂಡ.

ಗೋಕಾಕದಲ್ಲಿ ಗಾಡಿ ನಿಲ್ಲಿಸಿ ಒಂದು ಡಬ್ಬಿ ಕರದಂಟು ಕೊಂಡ. ಸಾವಿನ ಮನೆಗೆ ಸಿಹಿ ಹೊತ್ತವನನ್ನು ಹೆಂಗಸರು ಬಾಯಿ ತೆರೆದು ನೋಡಿದರು.

"ಅಣ್ಣಗ ಇದಂದ್ರ ಜೀಂವಾ," ಎಂದ ಬಾಳೇಶ.

ಸುಂದ್ರವ್ವ ಉಳಿದವರಿಗೆ ಕಣ್ಣುಸನ್ನೆ ಮಾಡಿ, ಪಾಪ, ದುಃಖಕ್ಕೆ ತಲೆ ನೆಟ್ಟಗಿಲ್ಲ ಎಂದು ಪಿಸುಗುಟ್ಟಿದಳು. ಅಂಕಲಗಿಯಲ್ಲಿರುವ ಬಾಳೇಶನ ತಂಗಿಯನ್ನು ಬಿಟ್ಟು ಹೋಗುವುದು ಸರಿಯಲ್ಲ ಎಂದವಳೂ ಅವಳೇ. ಆಗಲೇ ಫೋನೂ ಮಾಡಿ ಮುಗಿಸಿದ್ದಳು. ಹೀಗಾಗಿ ಗಾಡಿ ಗೋಕಾಕ ಫಾಲ್ಸಿನ ಕಡೆಯ ನೇರ ರಸ್ತೆ ಬಿಟ್ಟು ಅಂಕಲಗಿಯ ಕಡೆ ಹೊರಳಿತು.

ಅಂಕಲಗಿಯಲ್ಲಿ ತಂಗಿ ನಂದಾ ರಸ್ತೆಗೇ ಓಡಿಬಂದು ಬಾಳೇಶನ ಕೊರಳಿಗೆ ಬಿದ್ದಳು. "ದೊಡ್ಡಣ್ಣ ನಮ್ಮನ್ನ ಬಿಟ್ಟ ಹ್ವಾದಲ್ಲೋ," ಎಂದು ಗೋಳಾಡಿದಳು.

ಬಾಳೇಶ ತಂಗಿಯ ಕೈ ಬಿಡಿಸಿಕೊಂಡು ತಿರುಗಿದ. ಗಾಡಿಯಲ್ಲಿದ್ದವರ ಮುಖ ನೋಡಿದ. ಎಲ್ಲರೂ ತಲೆ ತಗ್ಗಿಸಿದ್ದರು. ಹಾಗಾದರೆ ಇವರಿಗೆಲ್ಲ ಗೊತ್ತಿತ್ತು, ನನಗೊಬ್ಬನಿಗೇ ಹೇಳಲಾರದೆ ಬಂದಿದ್ದಾರೆ. ಸುದ್ದಿ ಎಲ್ಲಿಂದ ಬಂತು ಎಂದು ಕೇಳುವ ಬುದ್ಧಿ ಅವನಿಗೆ ಹೊಳೆಯಲಿಲ್ಲ. ಬೆಳಿಗ್ಗೆ ಮೂಡಲಗಿಯಲ್ಲಿ ತಾನೇ ಬಿಟ್ಟ ಮಾತು ಅಂಕಲಗಿಯಲ್ಲಿ ಅವನನ್ನೇ ಹಿಡಿದು ನುಂಗಿತ್ತು.

ಅಲ್ಲಿಂದ ಮುಂದಿನ ದಾರಿ ಅವನ ಕಣ್ಣಿಗೆ ಸರಿಯಾಗಿ ಕಾಣಲಿಲ್ಲ. ಒಂದೇ ಒಂದು ದಿನ ಮೊದಲು ಹೊರಟಿದ್ದರೆ ಎಂದು ಮತ್ತೆ ಮತ್ತೆ ಅನ್ನಿಸುತ್ತಿತ್ತು. ಒಂದು ತುಂಡು ಬಟ್ಟೆಗಾಗಿ ಅಣ್ಣನನ್ನು ಕಳೆದುಕೊಂಡೆನಲ್ಲ ಎಂದು ಕರದಂಟಿನ ಡಬ್ಬಿಗೆ ಹಣೆ ಹಚ್ಚಿ ಅತ್ತ. ಹತ್ತರಗಿಯಲ್ಲಿ ಹೂವಿನ ಮಾಲೆ ಕೊಳ್ಳುವಾಗ ಮಾರುವವಳು, ಯಾರು ತೀರಿಕೊಂಡರು ಎಂದು ಮರಾಠಿಯಲ್ಲಿ ಕೇಳಿದಳು. ಗಡಿಸೀಮೆಯವನಾದ ಬಾಳೇಶನಿಗೆ ಎರಡೂ ಭಾಷೆ ಬರುತ್ತಿದ್ದವು. ಎರಡರಲ್ಲೂ ಅಣ್ಣ ಎಂದಷ್ಟೇ ಅಂದ.

ಹುಕ್ಕೇರಿಯ ಗುಮ್ಮಟಗಳು ಕಂಡಾಗ ನಂದಾಳೂ ಅವನೂ ಕೈ ಕೈ ಹಿಡಿದುಕೊಂಡರು. ಮನೆಯಲ್ಲಿ ಅಣ್ಣನ ಹೆಂಡತಿ, ವೈನಿ ಅನ್ನಪೂರ್ಣಾ, ಪಡಸಾಲೆಯ ಗೋಡೆಗೆ ಒರಗಿ ಅಳುತ್ತಿದ್ದಳು, ಸುತ್ತ ಓಣಿಯ ಹೆಂಗಸರು. ಬಾಳೇಶ ಮಾಲೆ ಹಿಡಿದು ಹೊಸ್ತಿಲು ದಾಟಿದ. ವೈನಿ ತಲೆ ಎತ್ತಿ ನೋಡಿದವಳೇ ಚೀರಿ ದೇವರ ಕೋಣೆಯೊಳಗೆ ಓಡಿದಳು.

"ವೈನಿ, ನಾನ್ರಿ, ಬಾಳೇಶ," ಎಂದ.

ವೈನಿ ಬಾಗಿಲ ಸಂದಿನಿಂದ ಅವನ ಕಾಲು ನೆಲಕ್ಕೆ ತಾಗಿವೆಯೋ ಇಲ್ಲವೋ ನೋಡಿದಳು.

"ಅಣ್ಣನ್ನ ಎಲ್ಲೆ ಮಲಗಿಸೀರಿ?" ಎಂದು ಕೇಳಿದ ಬಾಳೇಶ ಅಳುತ್ತ.

"ಅವ್ರ್ಯಾಕ ಮಲಗ್ತಾರ? ನಿಮ್ಮನ್ನ ಮಣ್ಣ ಮಾಡಾಕ ಮೂಡಲಗಿಗೆ ಹೋಗ್ಯಾರ," ಎಂದಳು ವೈನಿ.

ಸಂಗತಿ ಬಿಚ್ಚಿಕೊಂಡಿತು. ನಂದಾಳ ಗೋಳು ಕೇಳಿದ ಯಾರೋ ಹತ್ತರಗಿಯ ಬೀಗರಿಗೆ ಹೇಳಿದ್ದರು. ಅವರು ಹುಕ್ಕೇರಿಗೆ ಫೋನು ಹಚ್ಚಿ, ನಂದಾಳ ಅಣ್ಣ ತೀರಿಕೊಂಡನಂತೆ ಎಂದಿದ್ದರು. ಫೋನು ಎತ್ತಿದವನು ಖುದ್ದು ಬೀರಸಿದ್ದಪ್ಪ. ನಂದಾಳಿಗೆ ಇಬ್ಬರೇ ಅಣ್ಣಂದಿರು. ಒಬ್ಬ ಫೋನು ಹಿಡಿದು ನಿಂತಿದ್ದಾನೆ ಅಂದಮೇಲೆ ಸತ್ತವನು ಇನ್ನೊಬ್ಬನೇ. ಬೀರಸಿದ್ದಪ್ಪ ಎದೆ ಬಡಿದುಕೊಂಡು ಅತ್ತನಂತೆ. ಆಮೇಲೆ ಟ್ರಂಕು ತೆಗೆದು ಒಂದು ಹೊಸ ಪಟಕಾ ಹೊರತೆಗೆದನಂತೆ. ಮಗಳ ಮದುವೆಯಾದ ಮರುವಾರವೇ ತಮ್ಮನಿಗೆಂದು ತಂದಿಟ್ಟದ್ದು. ಅವನೇ ಬರಲಿ ಎಂದು ಇವನು, ಇವನೇ ಕರೆಯಲಿ ಎಂದು ಅವನು. ಹೆಣಕ್ಕಾದರೂ ಸುತ್ತುತ್ತೇನೆ ಎಂದು ಘಟಪ್ರಭಾ ರಸ್ತೆ ಹಿಡಿದು ಹೋಗಿದ್ದ.

ಬಾಳೇಶ ಕೇಳುತ್ತ ಕೇಳುತ್ತ ಮಗುವಿನಂತೆ ಅತ್ತ. ಅಣ್ಣ ಬದುಕಿದ್ದಾನೆ, ಪಟಕಾ ಕೂಡ ಇದೆ. ಇನ್ನೇನು ಬೇಕು? ವೈನಿ ಗಂಡನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಮಾಡಿದಳು. ಅವನು ಮೂಡಲಗಿಯಲ್ಲಿ ಬೀಗ ಹಾಕಿದ ಬಾಗಿಲ ಮುಂದೆ ಕೂತು ಬಿಕ್ಕುತ್ತಿದ್ದ.

"ಅಳಬ್ಯಾಡ್ರಿ. ನಿಮ್ಮ ತಮ್ಮ ಜೀವಂತ ಅದಾರ. ನಮ್ಮ ಮನ್ಯಾಗ ಅದಾರ. ಫೋನ ಕೊಡ್ಲೇನ?"

ಬಿಕ್ಕಳಿಕೆ ನಿಂತಿತು. ಆಮೇಲೆ ಮೂಗು ಸೀಟಿದ್ದು ಕೇಳಿಸಿತು.

"ಬ್ಯಾಡ," ಎಂದ ಬೀರಸಿದ್ದಪ್ಪ. "ಸತ್ತಾನಂತ ಮಾತಾಡಸಾಕ ಬಂದಿದ್ನಿ. ಜೀವಂತ ಅದಾನಂದ್ರ ನಾ ಯಾಕ ಮಾತಾಡಸ್ಲಿ?"

ಫೋನು ಕಟ್ಟಾಯಿತು.

ಬಾಳೇಶ ಕಣ್ಣು ಒರೆಸಿಕೊಂಡ. ನಾಲ್ಕು ವರ್ಷದ ಬಿಗುವು ಮುಖಕ್ಕೆ ತಾನಾಗಿ ವಾಪಸು ಬಂದು ಕೂತಿತು. ಕರದಂಟಿನ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಚಪ್ಪಲಿ ಮೆಟ್ಟಿಕೊಂಡ. ಸಂಜೆಯವರೆಗೆ ಇರಿ ಎಂದು ವೈನಿ ಬೇಡಿಕೊಂಡರೂ ಕೇಳಲಿಲ್ಲ. ಘಟಪ್ರಭಾ ಕಡೆಯಿಂದ ಹೋದರೆ ದಾರಿಯಲ್ಲಿ ಅಣ್ಣ ಎದುರಾದಾನು ಎಂದು ರಮಜಾನಸಾಬ ಮೆಲ್ಲಗೆ ಹೇಳಿ ನೋಡಿದ.

"ಬಂದ ಹಾದೀನ ಹಿಡೀರಿ," ಎಂದ ಬಾಳೇಶ.

ವೈನಿ ಗಾಡಿಯವರೆಗೆ ಬಂದು ಅವನ ಬಾಯಿಯನ್ನೇ ನೋಡುತ್ತ ನಿಂತಳು. ಬಾಳೇಶ ಬರ್ತೇನಿ ಅನ್ನದೆ ಹತ್ತಿ ಕೂತ.